ಮೈಸೂರು ರೈಲ್ವೆ ಮ್ಯೂಸಿಯಂ: ಮಕ್ಕಳ ಜೊತೆ ಹೋದರೆ ಏನು ನೋಡಬೇಕು, ಹೇಗೆ ನೋಡಬೇಕು?

ಸಂಪಿಗೆ_ಸಾಲು

ರಜೆಯಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟಿದ್ದೇವೆ. ಜೊತೆಗೆ 5 ಮತ್ತು 11 ವರ್ಷದ ಮಕ್ಕಳು, ಮಂಡಿನೋವಿರುವ ಮಾವನವರು ಇರುತ್ತಾರೆ. ಅರಮನೆ, ಝೂ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ರೈಲ್ವೆ ಮ್ಯೂಸಿಯಂ ಅಂದರೆ ಮಾತ್ರ "ಹಳೇ ಇಂಜಿನ್ ನಿಲ್ಲಿಸಿದ್ದಾರೆ, ಅರ್ಧ ಗಂಟೇಲಿ ಮುಗಿಯುತ್ತೆ" ಅಂತಾರೆ. ನಿಜವಾಗಿಯೂ ಅಷ್ಟೇನಾ? ಮಕ್ಕಳಿಗೆ ಏನು ತೋರಿಸಬೇಕು, ಏನು ಹೇಳಿಕೊಡಬೇಕು ಅಂತ ಗೊತ್ತಿರುವವರು ಸ್ವಲ್ಪ ವಿವರವಾಗಿ ಬರೆಯಿರಿ.

ಹಳಿ_ಗೆಳೆಯ

ಬರೀ ಫೋಟೊ ತೆಗೆದುಕೊಂಡು ಬಂದರೆ ಅರ್ಧ ಗಂಟೆಯೇ. ಏನು ನೋಡುತ್ತಿದ್ದೇವೆ ಅಂತ ಗೊತ್ತಿದ್ದರೆ ಎರಡು ಗಂಟೆಯೂ ಸಾಲದು.

ಮೊದಲು ಹಿನ್ನೆಲೆ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ ಶುರುವಾಯಿತು. ಅದಾದ ಮೇಲೆ ಎರಡನೆಯದಾಗಿ 1979ರಲ್ಲಿ ಬಂದದ್ದೇ ಮೈಸೂರಿನದು. ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಹತ್ತಿರ ಇದೆ. ಮೈಸೂರು ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಮಾವನವರಿಗೆ ಕಷ್ಟವಾದರೆ ಆಟೊ ಹಿಡಿಯಿರಿ.

ಇಂಜಿನ್‌ಗಳೆಲ್ಲ ಬಯಲಲ್ಲೇ ಇರುವುದರಿಂದ ಬೆಳಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೆ ಹೋಗಿ. ಬಿಸಿಲು ನೆತ್ತಿಗೇರಿದ ಮೇಲೆ ಕಪ್ಪು ಬಣ್ಣದ ಕಬ್ಬಿಣ ಕೈ ಇಡೋಕಾಗದಷ್ಟು ಕಾಯುತ್ತದೆ. ಚಿಕ್ಕವರು ಹತ್ತಲು ಹಿಡಿಯುವುದು ಅದೇ ಕಬ್ಬಿಣದ ಕಂಬಿಗಳನ್ನು. ವಾರದ ರಜೆ ಮತ್ತು ಸಮಯ ಆಗಾಗ ಬದಲಾಗುವುದುಂಟು, ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ.

ನೋಡುವ ಕ್ರಮ: ಮೊದಲು ಬಯಲಿನ ಇಂಜಿನ್‌ಗಳು, ಬಿಸಿಲು ಏರಿದ ಮೇಲೆ ನೆರಳಿನಲ್ಲಿರುವ ಶ್ರೀರಂಗ ಪೆವಿಲಿಯನ್ ಮತ್ತು ಚಾಮುಂಡಿ ಗ್ಯಾಲರಿ. ಪೆವಿಲಿಯನ್‌ನಲ್ಲಿ ಮೈಸೂರು ಅರಸರ ಬೋಗಿಗಳಿವೆ. ಅದರಲ್ಲಿ ಮಹಾರಾಣಿಯವರ ಸಲೂನ್ 1899ರದು, ಅಡುಗೆಮನೆ, ಊಟದ ಭಾಗ, ಶೌಚಾಲಯ ಎಲ್ಲ ಸೇರಿದ ಓಡುವ ಮನೆ. ಗ್ಯಾಲರಿಯಲ್ಲಿ ರೈಲ್ವೆ ಬೆಳೆದ ಬಗೆಯನ್ನು ಹೇಳುವ ಚಿತ್ರ, ಫೋಟೊಗಳಿವೆ. ಬಹಳ ಜನ ಗ್ಯಾಲರಿಯಿಂದಲೇ ಶುರುಮಾಡುತ್ತಾರೆ. ಇಂಜಿನ್ ಇನ್ನೂ ಮುಟ್ಟದ ಮಗುವಿಗೆ ಗೋಡೆಯ ಫೋಟೊ ಹಿಡಿಸುವುದಿಲ್ಲ, ಹತ್ತು ನಿಮಿಷಕ್ಕೇ ಗಲಾಟೆ ಶುರುವಾಗುತ್ತದೆ.

ಮೀಟರ್‌ಗೇಜ್_ಮಂಜು

11 ವರ್ಷದವರಿಗೆ ಒಂದೇ ಒಂದು ಕೆಲಸ ಕೊಡಬೇಕೆಂದರೆ ಹಳಿ ಅಳೆಯುವ ಕೆಲಸ ಕೊಡಿ. ಮೈಸೂರು ರೈಲ್ವೆಯ ಕಥೆಯೆಲ್ಲ ಆ ಅಳತೆಯಲ್ಲೇ ಇದೆ.

ಟೈಲರ್ ಟೇಪ್ ಒಂದು ಬ್ಯಾಗಿಗೆ ಹಾಕಿಕೊಳ್ಳಿ. ಎರಡು ಹಳಿಗಳ ತಲೆಯ ಒಳಅಂಚಿನಿಂದ ಒಳಅಂಚಿಗೆ ಅಳೆಯಬೇಕು. ಹಳಿಯ ನಡುವಿನಿಂದ ನಡುವಿಗೆ ಅಳೆದರೆ ಲೆಕ್ಕ ಆರೇಳು ಸೆಂಟಿಮೀಟರ್ ಹೆಚ್ಚಾಗಿ ಬರುತ್ತದೆ, ಮಕ್ಕಳು ಮಾಡುವ ತಪ್ಪು ಇದೇ. 1000 ಮಿ.ಮೀ. ಬಂದರೆ ಮೀಟರ್‌ಗೇಜ್. 762 ಅಥವಾ 610 ಬಂದರೆ ನ್ಯಾರೊಗೇಜ್. ಬ್ರಾಡ್‌ಗೇಜ್ 1676 ಮಿ.ಮೀ., ಅದಕ್ಕೆ 150 ಸೆಂ.ಮೀ. ಟೇಪು ಸಾಲುವುದೇ ಇಲ್ಲ. ಸಾಲದೇ ಹೋದಾಗ ಮಗುವಿಗೆ ಅದು ಎಷ್ಟು ಅಗಲ ಅನ್ನುವುದು ಥಟ್ಟನೆ ಅರ್ಥವಾಗುತ್ತದೆ.

ಈಗ ಕಥೆ. ಮದ್ರಾಸಿನ ಕಡೆಯಿಂದ ಬ್ರಾಡ್‌ಗೇಜ್ ಹಳಿ 1864ರಲ್ಲೇ ಬೆಂಗಳೂರು ಕಂಟೋನ್ಮೆಂಟಿಗೆ ಬಂದಿತ್ತು. ಬೆಂಗಳೂರಿಂದ ಮೈಸೂರಿನ ಕಡೆ ಹಳಿ ಹಾಕುವ ಕೆಲಸ ನಡೆದದ್ದು 1876–78ರ ಭೀಕರ ಬರದ ಬೆನ್ನಿಗೆ, ಮೈಸೂರು ಸಂಸ್ಥಾನದ ಖರ್ಚಿನಲ್ಲಿ. ಕಡಿಮೆ ಖರ್ಚಿಗೆ ಹೆಚ್ಚು ಮೈಲಿ ಹಾಕಬೇಕಿತ್ತು, ಹಾಗಾಗಿ ಮೀಟರ್‌ಗೇಜ್. 1881ರಲ್ಲಿ ಮದ್ದೂರು, ಮಂಡ್ಯದವರೆಗೆ, 1882ರಲ್ಲಿ ಮೈಸೂರಿಗೆ ಬಂಡಿ ಬಂತು. ಪರಿಣಾಮ ಏನೆಂದರೆ, ಮೈಸೂರಿಂದ ಮದ್ರಾಸಿಗೆ ಹೋಗುವ ಮೂಟೆ, ಜನ ಎಲ್ಲ ಬೆಂಗಳೂರಲ್ಲಿ ಇಳಿದು ಇನ್ನೊಂದು ಬಂಡಿ ಹತ್ತಬೇಕು. ಒಂದೇ ಊರು, ಎರಡು ಅಳತೆ. ಈ ತಾಪತ್ರಯ ನೂರು ವರ್ಷ ದಾಟಿ ನಡೆಯಿತು. ಬೆಂಗಳೂರು–ಮೈಸೂರು ಹಳಿ ಪೂರ್ತಿ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಸಂಸ್ಥಾನದ ರೈಲ್ವೆ 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಗೆ ಸೇರಿತು. 2003ರಿಂದ ಮೈಸೂರು ವಿಭಾಗ ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ಕೈಕೆಳಗಿದೆ.

ಬಾಯ್ಲರ್_ಭಟ್

ಮಂಜು ಅವರು ಹಳಿ ಹೇಳಿದರು, ನಾನು ಅದರ ಮೇಲಿನದನ್ನು ಹೇಳುತ್ತೇನೆ. ಉಗಿ ಇಂಜಿನ್ನಿನ ಮುಂದೆ ನಿಂತು "ಎಷ್ಟು ದೊಡ್ಡದು!" ಅನ್ನುವುದರ ಬದಲು ಅದರ ಪಕ್ಕಕ್ಕೆ ಬಂದು ನಿಲ್ಲಿ. ಇಂಜಿನ್ನಿನ ಗುಟ್ಟೆಲ್ಲ ಪಕ್ಕದಲ್ಲೇ ಇರುವುದು.

ಮೊದಲು ಚಕ್ರ ಎಣಿಸಿ. ಮುಂದೆ ಸಿಲಿಂಡರಿನ, ಅಂದರೆ ಉಗಿ ನುಗ್ಗುವ ದಪ್ಪ ಕೊಳವೆಯ ಆಸುಪಾಸು ಇರುವ ಪುಟ್ಟ ಚಕ್ರಗಳು, ನಡುವೆ ಸಲಾಕೆಯಿಂದ ಒಂದಕ್ಕೊಂದು ಜೋಡಿಸಿದ ದೊಡ್ಡ ಚಕ್ರಗಳು, ಹಿಂದೆ ಚಾಲಕ ನಿಲ್ಲುವ ಕ್ಯಾಬಿನ ಕೆಳಗಿನ ಪುಟ್ಟ ಚಕ್ರ. ಒಂದು ಬದಿಯಲ್ಲಿ 2, 3, 1 ಇದ್ದರೆ ಎರಡೂ ಬದಿ ಸೇರಿ 4-6-2. ಹೀಗೇ ಬರೆಯುವುದು ಪದ್ಧತಿ. ಹಿಂದಿನ ಟೆಂಡರಿನ, ಅಂದರೆ ಕಲ್ಲಿದ್ದಲು-ನೀರಿನ ಬಂಡಿಯ ಚಕ್ರ ಇದಕ್ಕೆ ಸೇರುವುದಿಲ್ಲ. ಅದನ್ನೂ ಸೇರಿಸಿ ಎಣಿಸಿದರೆ ಯಾವ ಪುಸ್ತಕಕ್ಕೂ ತಾಳೆಯಾಗದ ಸಂಖ್ಯೆ ಬರುತ್ತದೆ.

ಸಲಾಕೆಯಿಂದ ಜೋಡಿಸಿದ ಚಕ್ರಗಳು ದೊಡ್ಡವಿದ್ದರೆ ವೇಗಕ್ಕೆ, ಚಿಕ್ಕವಿದ್ದು ಸಂಖ್ಯೆ ಹೆಚ್ಚಿದ್ದರೆ ಭಾರಕ್ಕೆ. ಮೈಸೂರು ಕಡೆಯ ಮೀಟರ್‌ಗೇಜ್ ಹಳಿಗಳ ಮೇಲೆ ಓಡಿದ ವೈಪಿ ವರ್ಗದ ಪ್ಯಾಸೆಂಜರ್ ಇಂಜಿನ್ನಿಗೆ 1372 ಮಿ.ಮೀ. ಚಕ್ರ, ವೈಜಿ ಅನ್ನುವ ಗೂಡ್ಸ್ ಇಂಜಿನ್ನಿಗೆ 1219. ಹೆಸರಲ್ಲಿರುವ 'ವೈ' ಅಂದರೆ ಮೀಟರ್‌ಗೇಜ್. 'ಡಬ್ಲ್ಯು' ಬ್ರಾಡ್‌ಗೇಜ್, 'ಝಡ್' 762 ಮಿ.ಮೀ. ನ್ಯಾರೊಗೇಜ್. ಎರಡನೇ ಅಕ್ಷರ ಕೆಲಸ ಹೇಳುತ್ತದೆ: 'ಪಿ' ಪ್ಯಾಸೆಂಜರ್, 'ಜಿ' ಗೂಡ್ಸ್. ಇನ್ನೂ ಹಳೆಯ ಇಂಜಿನ್‌ಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಆಗ ಒಂದೊಂದು ಕಂಪನಿಯದು ಒಂದೊಂದು ಹೆಸರಿಡುವ ಕ್ರಮ.

ದೊಡ್ಡವನಿಗೆ ಲೆಕ್ಕ ಕೊಡಿ. 1372 ಮಿ.ಮೀ. ಚಕ್ರ ಒಂದು ಸುತ್ತಿಗೆ ಸುಮಾರು 4.31 ಮೀಟರ್ ಸಾಗುತ್ತದೆ, ಕಿಲೋಮೀಟರಿಗೆ 232 ಸುತ್ತು. ಎರಡು ಸಿಲಿಂಡರ್, ಪ್ರತಿಯೊಂದರಲ್ಲೂ ಹಿಂದೆಮುಂದೆ ಓಡುವ ಪಿಸ್ಟನ್ನಿನ ಎರಡೂ ಕಡೆಯಿಂದ ಉಗಿ ತಳ್ಳುತ್ತದೆ, ಹಾಗಾಗಿ ಚಕ್ರದ ಒಂದು ಸುತ್ತಿಗೆ ನಾಲ್ಕು 'ಛುಕ್'. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂಬತ್ತು ಛುಕ್ ಆಯಿತು. ಚಿಕ್ಕವಳಿಗೆ ಲೆಕ್ಕ ಬೇಡ, ಚಕ್ರದ ಪಕ್ಕ ನಿಲ್ಲಿಸಿ ಯಾರು ಎತ್ತರ ಅಂತ ಕೇಳಿ ಸಾಕು.

ದೊಡ್ಡ ಚಕ್ರಗಳ ಒಂದು ಬದಿಯಲ್ಲಿ ಅರ್ಧಚಂದ್ರದಂಥ ದಪ್ಪ ಗಟ್ಟಿ ಇರುತ್ತದೆ. ಅದು ಅಲಂಕಾರಕ್ಕಲ್ಲ. ಎದುರು ಬದಿಯಲ್ಲಿ ತಿರುಗುವ ಭಾರದ ಸಲಾಕೆಗಳಿಗೆ ಸರಿತೂಕ. ಅದಿಲ್ಲದಿದ್ದರೆ ಚಕ್ರ ಪ್ರತಿ ಸುತ್ತಿಗೂ ಹಳಿಯನ್ನು ಕುಟ್ಟುತ್ತದೆ. ಹಾಗೇ ಚಕ್ರದ ಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ಗೆರೆ ಹುಡುಕಿ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹೊಡೆಯುತ್ತಾರಲ್ಲ, ಇಲ್ಲೂ ಹಾಗೇ: ಉಕ್ಕಿನ ಬಳೆಯನ್ನು ಕಾಯಿಸಿ ಕೂರಿಸುತ್ತಾರೆ, ಆರಿದಾಗ ಬಿಗಿದು ಕಚ್ಚಿಕೊಳ್ಳುತ್ತದೆ. ಸವೆದರೆ ಬಳೆ ಮಾತ್ರ ಬದಲು, ಇಡೀ ಚಕ್ರ ಅಲ್ಲ.

ಸಂಪಿಗೆ_ಸಾಲು

ಭಟ್ಟರೇ, ಇದು ತುಂಬಾ ಉಪಯೋಗ. ಒಂದು ಪ್ರಶ್ನೆ: ರೈಲಿಗೆ ಸ್ಟೀರಿಂಗ್ ಇಲ್ಲದೆ ತಿರುವಲ್ಲಿ ಹೇಗೆ ತಿರುಗುತ್ತೆ ಅಂತ ಮಗ ಕೇಳುತ್ತಲೇ ಇರುತ್ತಾನೆ. ಚಕ್ರದ ಒಳಗಿನ ಏಣಿನಿಂದ ಅಂದರೆ ಸರಿಯಾ?

ಬಾಯ್ಲರ್_ಭಟ್

ಅರ್ಧ ಸರಿ, ಮೇಡಂ. ಒಳಗಿನ ಏಣು, ಅಂದರೆ ಫ್ಲ್ಯಾಂಜ್, ಕಡೆಯ ಕಾವಲು. ಮಾಮೂಲಿ ತಿರುವಲ್ಲಿ ನಿಜವಾದ ಕೆಲಸ ಮಾಡುವುದು ಚಕ್ರದ ಓರೆ. ಹಳಿಗೆ ತಾಗುವ ಮೈ ಚಪ್ಪಟೆಯಲ್ಲ, 20ಕ್ಕೆ 1ರಷ್ಟು ಓರೆ ಇರುತ್ತದೆ, ಒಳಗಡೆ ದಪ್ಪ, ಹೊರಗಡೆ ಸಣ್ಣ. ತಿರುವಲ್ಲಿ ಜೋಡಿಚಕ್ರ ಸ್ವಲ್ಪ ಹೊರಕ್ಕೆ ಜರುಗಿದಾಗ ಹೊರಹಳಿಯ ಮೇಲೆ ದೊಡ್ಡ ಸುತ್ತಳತೆ, ಒಳಹಳಿಯ ಮೇಲೆ ಚಿಕ್ಕ ಸುತ್ತಳತೆ ಓಡುತ್ತದೆ. ಅದರಿಂದ ತಾನೇ ತಿರುಗಿಕೊಳ್ಳುತ್ತದೆ.

ಹೊರಡುವ ಮೊದಲು ಮನೆಯಲ್ಲೇ ತೋರಿಸಿ. ನಾಲ್ಕು ಪೇಪರ್ ಕಪ್, ಅಂಟುಟೇಪು, ಎರಡು ಉದ್ದ ಸ್ಕೇಲು. ಎರಡು ಕಪ್ಪುಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಂಟಿಸಿ, ಇನ್ನೆರಡನ್ನು ತಳಕ್ಕೆ ತಳ ಕೂಡಿಸಿ. ಸ್ಕೇಲುಗಳನ್ನು ಸುಮಾರು 10 ಸೆಂ.ಮೀ. ಅಂತರದಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಒಂದು ತುದಿಗೆ ಪುಸ್ತಕ ಕೊಟ್ಟು ಇಳಿಜಾರು ಮಾಡಿ ಉರುಳಿಸಿ. ಬಾಯಿ ಕೂಡಿಸಿದ ಜೋಡಿ ಅತ್ತಿತ್ತ ಹೊಯ್ದಾಡಿದರೂ ನಡುವಿಗೇ ಬಂದು ಕೆಳಗಿಳಿಯುತ್ತದೆ. ತಳ ಕೂಡಿಸಿದ್ದು ಒಂದಿಷ್ಟು ಜರುಗಿದರೂ ಸಾಕು, ಇನ್ನಷ್ಟು ಆಚೆ ಹೋಗಿ ಬೀಳುತ್ತದೆ. ಅಂಟಿಸುವಾಗ ಕಪ್ಪು ಸೊಟ್ಟವಾದರೆ ಎರಡೂ ಬೀಳುತ್ತವೆ, ಅದಕ್ಕೆ ನಿಧಾನವಾಗಿ ಅಂಟಿಸಿ. ಇಷ್ಟು ಮಾಡಿಕೊಂಡು ಬಂದ ಹುಡುಗ ಮ್ಯೂಸಿಯಂನಲ್ಲಿ ಚಕ್ರದ ಓರೆಯನ್ನು ತಾನೇ ಹುಡುಕುತ್ತಾನೆ.

ಅಲ್ಲೇ ಆಸ್ಟಿನ್ ಕಾರೊಂದಿದೆ, ರಸ್ತೆಯ ಕಾರಿಗೆ ರೈಲಿನ ಚಕ್ರ ಹಾಕಿದ್ದು. ನಿಮ್ಮ ಮಗನ ಪ್ರಶ್ನೆಯನ್ನು ಅದರ ಮುಂದೆ ಮತ್ತೆ ಎತ್ತಿ. ಹಳಿಯ ಮೇಲೆ ಸ್ಟೀರಿಂಗಿಗೆ ಕೆಲಸವಿಲ್ಲ ಸರಿ, ಆದರೆ ವಾಪಸ್ ಹೋಗಬೇಕಾದರೆ ಕಾರನ್ನು ತಿರುಗಿಸುವುದು ಹೇಗೆ? ಒಂದೋ ಎತ್ತಿ ತಿರುಗಿಸಬೇಕು, ಇಲ್ಲವೇ ರಿವರ್ಸ್ ಗೇರಿನಲ್ಲಿ ನಿಧಾನಕ್ಕೆ ಹಿಂದೆ ಬರಬೇಕು.

ತಿಂಡಿ_ಡಬ್ಬಿ

ಪುಟ್ಟ ಮಕ್ಕಳ ತಾಯಂದಿರ ಪರವಾಗಿ ಒಂದೆರಡು ಮಾತು. ಮ್ಯೂಸಿಯಂ ಒಳಗೆ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟಾಣಿ ರೈಲು ಕಂಡ ತಕ್ಷಣ ಮಗು ಬೇರೇನನ್ನೂ ನೋಡುವುದಿಲ್ಲ. ಭಾನುವಾರ ಮತ್ತು ದಸರಾ ರಜೆಯಲ್ಲಿ ಅದಕ್ಕೆ ಉದ್ದ ಸಾಲು ಇರುತ್ತದೆ. ಒಳಗೆ ಹೋದ ಕೂಡಲೇ ಅದು ಓಡುತ್ತಿದೆಯಾ, ಮುಂದಿನ ಸುತ್ತು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಮೊದಲೇ ಹತ್ತಿಸಿಬಿಡಿ. ಕಡೆಗೆ ಇಟ್ಟುಕೊಂಡರೆ ಅಷ್ಟು ಹೊತ್ತೂ ಅದೇ ಜಪ.

ನೆಲದಲ್ಲಿ ಹಳಿ, ಜಲ್ಲಿ ಇರುವುದರಿಂದ ಮಗುವಿನ ತಳ್ಳುಗಾಡಿಗಿಂತ ಎತ್ತಿಕೊಳ್ಳುವುದೇ ವಾಸಿ. ಚಪ್ಪಲಿ ಬೇಡ, ಬೂಟು ಹಾಕಿ. ಕ್ಯಾಬಿನ ಮೆಟ್ಟಿಲುಗಳ ನಡುವೆ ಅಂತರ ಜಾಸ್ತಿ. ಹತ್ತಲು ಬಿಟ್ಟಿರುವ ಕಡೆ ಮಗು ಹತ್ತುವಾಗ ಒಬ್ಬರು ಕೆಳಗೆ ನಿಲ್ಲಬೇಕು, ಇಳಿಯುವಾಗ ಏಣಿ ಇಳಿದಂತೆ ಮುಖ ಇಂಜಿನ್ ಕಡೆಗೇ ಇರಬೇಕು. ಬೀಳುವುದು ಸಾಮಾನ್ಯವಾಗಿ ಇಳಿಯುವಾಗ. ಮಳೆ ಬಂದ ದಿನ ಕ್ಯಾಬಿನ ಕಬ್ಬಿಣದ ನೆಲ ಜಾರುತ್ತದೆ, ಅವತ್ತು ಹತ್ತಿಸಬೇಡಿ.

ಮಾವನವರಿಗೆ ಪೆವಿಲಿಯನ್ ಕಡೆ ಮೊದಲೇ ಒಂದು ಕೂರುವ ಜಾಗ ನೋಡಿ. ಎಲ್ಲರೂ ಒಟ್ಟಿಗೇ ಸುತ್ತಬೇಕು ಅಂತೇನಿಲ್ಲ.

ಕೈಮರ_ಕಂಬ

ಇಂಜಿನ್ ಗದ್ದಲದಲ್ಲಿ ಸಿಗ್ನಲ್ ಮರೆತೇಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೈಮರದ ಸಿಗ್ನಲ್, ಅಂದರೆ ಕಂಬದ ಮೇಲೆ ಕೈಯಂತೆ ಚಾಚಿದ ಹಲಗೆ ಇರುವುದು, ಕಂಡರೆ ಎರಡು ನೋಡಿ. ಕೆಂಪು ಕೈ, ಚೌಕ ತುದಿ, ಬಿಳಿ ಪಟ್ಟೆ ಇದ್ದರೆ 'ನಿಲ್ಲು' ಸಿಗ್ನಲ್. ತುದಿಯಲ್ಲಿ ಮೀನಿನ ಬಾಲದಂತೆ ಸೀಳಿದ್ದರೆ ಅದು ವಾರ್ನರ್: ಮುಂದಿನ ಸಿಗ್ನಲ್ ಹೇಗಿದೆ ಅಂತ ಮೊದಲೇ ತಿಳಿಸುವುದು. 'ನಿಲ್ಲು' ಸಿಗ್ನಲ್ಲಿನ ಕೈ ಅಡ್ಡವಾಗಿದ್ದರೆ ನಿಲ್ಲಬೇಕು. ಹಳೆಯ ಬಗೆಯಲ್ಲಿ ಕೈ ಕೆಳಗೆ ಇಳಿದರೆ ಹೊರಡಬಹುದು. ಆಮೇಲಿನ ಬಗೆಯಲ್ಲಿ ಮೇಲೆ ಏಳಬೇಕು. ಯಾಕೆ ಬದಲಾಯಿಸಿದರು? ಕೈಯನ್ನು ಎಳೆಯುವ ತಂತಿ ಹರಿದರೆ ಮೇಲೆದ್ದ ಕೈ ತನ್ನ ಭಾರಕ್ಕೆ ತಾನೇ ಅಡ್ಡಕ್ಕೆ ಬೀಳುತ್ತದೆ, ಅಂದರೆ 'ನಿಲ್ಲು'. ಕೆಳಗಿಳಿಯುವ ಕೈಯಲ್ಲಿ ಅದೇ ಕೆಲಸಕ್ಕೆ ಕಂಬದ ಮೇಲೆ ಬೇರೆ ತೂಕ ಕಟ್ಟಬೇಕಿತ್ತು. ಕೆಟ್ಟಾಗ ರೈಲು ನಿಲ್ಲುವಂತೆಯೇ ಕೆಡಬೇಕು, ರೈಲ್ವೆ ಸಾಮಾನುಗಳೆಲ್ಲದರ ಹಿಂದಿನ ಯೋಚನೆ ಇದು.

ಹಳೆಯ ಬೋಗಿಗಳ ವ್ಯಾಕ್ಯೂಮ್ ಬ್ರೇಕೂ ಹಾಗೇ. ಪೈಪಿನೊಳಗೆ ಗಾಳಿ ಎಳೆದು ತೆಗೆದಿದ್ದರೆ ಬ್ರೇಕು ಬಿಟ್ಟಿರುತ್ತದೆ. ಪೈಪು ಕಿತ್ತರೆ, ಬೋಗಿ ಕಳಚಿದರೆ, ಇಲ್ಲವೇ ಯಾರಾದರೂ ಚೈನ್ ಎಳೆದರೆ ಗಾಳಿ ಒಳನುಗ್ಗಿ ಬ್ರೇಕು ಹಿಡಿಯುತ್ತದೆ. ಬೋಗಿಯ ತುದಿಯಲ್ಲಿ ಜೋತಾಡುವ ಸುಕ್ಕುಸುಕ್ಕಾದ ದಪ್ಪ ರಬ್ಬರ್ ಪೈಪು ಅದರದೇ.

ನೀಲ್ಸ್ ಬಾಲ್ ಟೋಕನ್ ಯಂತ್ರ ಯಾವ ರೈಲ್ವೆ ಮ್ಯೂಸಿಯಂನಲ್ಲಿ ಕಂಡರೂ ಬಿಡಬೇಡಿ. ಒಂಟಿ ಹಳಿಯಲ್ಲಿ ಎರಡು ಕಡೆಯಿಂದ ರೈಲು ಬಂದು ಢಿಕ್ಕಿಯಾಗದಂತೆ ಕಾದದ್ದು ಅದರೊಳಗಿನ ಲೋಹದ ಗುಂಡು. ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ವಿದ್ಯುತ್ ತಂತಿಯಿಂದ ಬೀಗ. ಎರಡೂ ಸೇರಿ ಒಮ್ಮೆಗೆ ಒಂದೇ ಗುಂಡು ಹೊರಬರುತ್ತದೆ. ಅದು ಮುಂದಿನ ಸ್ಟೇಷನ್ನಿನ ಯಂತ್ರಕ್ಕೆ ಬೀಳುವವರೆಗೆ ಇನ್ನೊಂದು ಬರುವುದಿಲ್ಲ. ಗುಂಡು ಕೈಯಲ್ಲಿಲ್ಲದೆ ಚಾಲಕ ಹೊರಡುವಂತಿಲ್ಲ. ಗುಂಡು ಹಾಕಿ ಚಾಲಕನಿಗೆ ಕೊಡುವ ಚರ್ಮದ ಚೀಲಕ್ಕೆ ಅಷ್ಟು ದೊಡ್ಡ ಬಳೆ ಯಾಕಿದೆ ಅಂತ ಮಕ್ಕಳನ್ನು ಕೇಳಿ. ನಿಲ್ಲದೆ ಓಡುವ ಇಂಜಿನ್ನಿಂದ ತೋಳು ಚಾಚಿ ಮಾಲೆಯಂತೆ ಹಾಕಿಕೊಳ್ಳುವುದಕ್ಕೆ.

ರಟ್ಟಿನ ಟಿಕೆಟ್ಟನ್ನೂ ಸೇರಿಸಿಕೊಳ್ಳಿ. ಎಡ್ಮಂಡ್‌ಸನ್ ಟಿಕೆಟ್ ಅಳತೆ ಸುಮಾರು 57 × 30 ಮಿ.ಮೀ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುತ್ತಿತ್ತು. ಸಂಜೆ ಕೌಂಟರ್ ಮುಚ್ಚುವಾಗ ಕಡೆಯ ಸಂಖ್ಯೆಯಿಂದ ಬೆಳಗಿನ ಸಂಖ್ಯೆ ಕಳೆದರೆ ಎಷ್ಟು ಟಿಕೆಟ್ ಹೋಯಿತು, ಎಷ್ಟು ದುಡ್ಡು ಇರಬೇಕು ಎಂಬ ಲೆಕ್ಕ ಸಿಕ್ಕಿಬಿಡುತ್ತಿತ್ತು.

ಹುಬ್ಬಳ್ಳಿ_ಜಂಕ್ಷನ್

ಮೈಸೂರಿಂದಷ್ಟೇ ಹೇಳಾಕತ್ತೀರಿ, ನಮ್ಮ ಕಡೆದೂ ಒಂದೀಟು ಕೇಳ್ರಿ. ಹುಬ್ಬಳ್ಳ್ಯಾಗೂ ರೈಲ್ವೆ ಮ್ಯೂಸಿಯಂ ಐತಿ, ಗದಗ ರೋಡಿನ ಮ್ಯಾಗ. 2020ರ ಆಗಸ್ಟಿನ್ಯಾಗ ತೆರದ್ರು, ಉತ್ತರ ಕರ್ನಾಟಕಕ್ಕ ಮೊದಲ್ನೇದು. ಬಾಗಲದಾಗ ನ್ಯಾರೊಗೇಜ್ ಇಂಜಿನ್ ನಿಂತಾವ. ಒಳಗಿನ ಎರಡು ಹಳೇ ಮನಿಗೆ ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟಾರ, ಸಣ್ಣ ಸಣ್ಣ ಸಾಮಾನೆಲ್ಲಾ ಅಲ್ಲೇ ಜೋಡಿಸ್ಯಾರ. ಹುಡುಗ್ರಿಗೆ ಆಟದ ರೈಲೂ ಐತ್ರಿ. ಮೈಸೂರಾಗ ರಾಜರ ಬೋಗಿ ನೋಡೋದು, ಹುಬ್ಬಳ್ಳ್ಯಾಗ ರೈಲ್ವೆ ನೌಕರ್ರ ಕೆಲಸದ ಸಾಮಾನು ನೋಡೋದು. ಎರಡೂ ನೋಡಿದ್ರನ ಪೂರಾ ಆಗತೈತಿ. ಧಾರವಾಡ, ಗದಗ, ಬೆಳಗಾವಿ ಕಡೆಯವ್ರು ಮೈಸೂರಿನ ತನಕ ಕಾಯೂದು ಬ್ಯಾಡ.

ಮೀಟರ್‌ಗೇಜ್_ಮಂಜು

ಬೆಂಗಳೂರಿನವರಿಗೆ ಹತ್ತಿರದಲ್ಲಿ ಇನ್ನೊಂದಿದೆ. ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಸ್ಟೇಷನ್ ಕಟ್ಟಡಗಳು. ಒಂದು ಕಾಲಕ್ಕೆ ಇಲ್ಲಿ ಓಡುತ್ತಿದ್ದದ್ದು ನ್ಯಾರೊಗೇಜ್. ಹಳಿ ಈಗ ಬ್ರಾಡ್‌ಗೇಜ್ ಆಗಿದೆ, ಪುಟ್ಟ ಕಟ್ಟಡಗಳು ಆ ಕಾಲದವೇ, ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ನೆರವಿನಿಂದ ದುರಸ್ತಿ ಕಂಡಿವೆ. ಒಂದು ಎಚ್ಚರಿಕೆ: ಅಲ್ಲಿ ಓಡುವುದು ನಿಜವಾದ ರೈಲು. ಮ್ಯೂಸಿಯಂನಲ್ಲಿ ಹಳಿ ಅಳೆದ ಮಗು ಅಲ್ಲೂ ಅಳೆಯಲು ಇಳಿಯುತ್ತದೆ. ಪ್ಲಾಟ್‌ಫಾರಂ ಬಿಟ್ಟು ಇಳಿಯಬಾರದು ಅಂತ ಮೊದಲೇ ಹೇಳಿಡಿ.

ಮೈಸೂರಿಗೆ ಕಾರಲ್ಲಿ ಹೋಗುವ ಯೋಚನೆ ಇದ್ದರೆ ಬಿಟ್ಟು ರೈಲು ಹತ್ತಿ. ಶ್ರೀರಂಗಪಟ್ಟಣದಲ್ಲಿ ಹಳಿ ಕೋಟೆಯೊಳಗೇ ಹೋಗುತ್ತದೆ. ಅಲ್ಲಿ ಟಿಪ್ಪುವಿನ ಮದ್ದುಗುಂಡಿನ ಮನೆಯೊಂದು ಜೋಡಿಹಳಿಗೆ ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಅಡಿಪಾಯದ ಸಮೇತ ಎತ್ತಿ, ಸುಮಾರು 1000 ಟನ್ ಕಟ್ಟಡವನ್ನು ಇಡಿಯಾಗಿ 130 ಮೀಟರ್ ಸರಿಸಿದರು. ಎಂಜಿನಿಯರುಗಳ ಆ ಕೆಲಸಕ್ಕೆ ಎಷ್ಟು ಹೊಗಳಿದರೂ ಕಡಿಮೆ.

ಮೈಸೂರಲ್ಲಿ ಇಳಿದಾಗ ಪ್ಲಾಟ್‌ಫಾರಂನಲ್ಲೇ ಎರಡು ಬೋಗಿಗಳ ನಡುವಿನ ಕೊಂಡಿ ತೋರಿಸಿಕೊಂಡು ಮ್ಯೂಸಿಯಂಗೆ ಹೋಗಿ. ಮೀಟರ್‌ಗೇಜ್ ಬೋಗಿಗೆ ನಡುವೆ ಒಂದೇ ಬಫರ್ (ಬೋಗಿಗಳು ಗುದ್ದಿದಾಗ ಪೆಟ್ಟು ತಡೆಯುವ ಭಾಗ), ಅದರಲ್ಲೇ ಕೊಕ್ಕೆ. ಹಳೆಯ ಬ್ರಾಡ್‌ಗೇಜ್ ಬೋಗಿಗೆ ಎರಡು ಬದಿಗೂ ಬಫರ್, ನಡುವೆ ತಿರುಪಿನ ಕೊಂಡಿ. ಈಗಿನ ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಬೋಗಿಗಳಲ್ಲಿ ಮತ್ತೆ ನಡುವೆಯೇ, ಎರಡು ಮುಷ್ಟಿ ಹೆಣೆದ ಹಾಗೆ ಕಚ್ಚಿಕೊಳ್ಳುವ ಕೊಂಡಿ.

ಸಂಪಿಗೆ_ಸಾಲು

ಎಲ್ಲರಿಗೂ ವಂದನೆ. ರೈಲಿಗೇ ಬುಕ್ ಮಾಡುತ್ತೇನೆ. ಕಡೇ ಪ್ರಶ್ನೆ: ಸಲೂನ್ ಒಳಗಿನ ಫೋಟೊ ಚೆನ್ನಾಗಿ ಬರುವುದಿಲ್ಲ ಅಂತ ಕೇಳಿದೆ. ಮತ್ತೆ, ಹಿತ್ತಾಳೆ ಯಾವುದು ಕಬ್ಬಿಣ ಯಾವುದು ನೋಡಲು ಮಗ ಅಯಸ್ಕಾಂತ ತರುತ್ತೇನೆ ಅನ್ನುತ್ತಿದ್ದಾನೆ, ಬಿಡಬಹುದಾ?

ಹಳಿ_ಗೆಳೆಯ

ಗಾಜಿನ ಹೊರಗಿಂದ ತೆಗೆಯಬೇಕಾದಾಗ ಫ್ಲ್ಯಾಶ್ ಆರಿಸಿ, ಮೊಬೈಲಿನ ಲೆನ್ಸನ್ನು ಗಾಜಿಗೆ ಹತ್ತಿಸಿಯೇ ಹಿಡಿಯಿರಿ, ಸುತ್ತ ಕೈಯಿಂದ ಅಥವಾ ಕಪ್ಪು ಬಟ್ಟೆಯಿಂದ ಮರೆಮಾಡಿ. ಒಂದು ಇಂಚು ದೂರ ಇದ್ದರೂ ನಿಮ್ಮ ಅಂಗಿಯ ಬಣ್ಣವೇ ಫೋಟೊದಲ್ಲಿ ಕಾಣುತ್ತದೆ. ತಿಳಿ ಬಣ್ಣದ ಬಟ್ಟೆ ಹಾಕಿದವರು ಪಕ್ಕಕ್ಕೆ ಸರಿಯಲಿ.

ಅಯಸ್ಕಾಂತ ಬೇಡ. ಬಣ್ಣ ಗೀರುತ್ತದೆ, ಗೀರಿದ ಕಡೆ ಮೊದಲ ಮಳೆಗೇ ತುಕ್ಕು ಹಿಡಿಯುತ್ತದೆ. ಉಕ್ಕಿನ ಟೇಪೂ ಬೇಡ ಅನ್ನುವುದು ಅದಕ್ಕೇ, ಬಟ್ಟೆಯ ಟೇಪು ಸಾಕು. ಅಳೆಯುವ ಮುಂಚೆ ಅಲ್ಲಿನ ಸಿಬ್ಬಂದಿಗೆ ಒಂದು ಮಾತು ಹೇಳಿ. ಹಿತ್ತಾಳೆ ಗುರುತಿಸಲು ಕಣ್ಣೇ ಸಾಕಾಗುತ್ತದೆ: ತುಕ್ಕಾದರೆ ಕಬ್ಬಿಣ ಕಂದು, ಹಿತ್ತಾಳೆ ಹಸಿರು. ಮಗನಿಗೆ ಇನ್ನೂ ಉತ್ಸಾಹವಿದ್ದರೆ ಹಳಿಯ ಪಕ್ಕದ ಮೈಯಲ್ಲಿ ಉಬ್ಬಿದ ಅಕ್ಷರ ಹುಡುಕಲಿ. ತಯಾರಕರ ಹೆಸರು, ಇಸವಿ, ತೂಕ ಅಲ್ಲಿ ಒತ್ತಿರುತ್ತಾರೆ. ಒಂದು ಕಾಗದ ಹಿಡಿದು ಮೇಲೆ ಪೆನ್ಸಿಲ್ ಮೆಲ್ಲಗೆ ಉಜ್ಜಿದರೆ ಅಕ್ಷರ ಮೂಡುತ್ತದೆ. ತೆಳ್ಳನೆ ಕಾಗದವಿರಲಿ, ಡ್ರಾಯಿಂಗ್ ಹಾಳೆ ದಪ್ಪ, ಅದರಲ್ಲಿ ಮೂಡುವುದಿಲ್ಲ. ಬಣ್ಣ ಹಲವು ಪದರ ಬಳಿದ ಕಡೆ ಅಕ್ಷರ ತುಂಬಿಹೋಗಿರುತ್ತದೆ, ಅಲ್ಲಿ ಸಿಗದಿದ್ದರೆ ಎರಡು ಮಾರು ಮುಂದೆ ನೋಡಲಿ.